ಕಡಲು ಕದಡುವ ಮೂರು ವಿಧಾನ

ಶಿಳ್ ಫಾಟಾದ ತಿರುವಿನಲ್ಲಿ ಬಸ್ಸು ನಿಂತಿದೆ ಎಂದು ವೇದಾವತಿಗೆ ಗೊತ್ತಾದದ್ದು, ಪಕ್ಕದ ಸೀಟಿನ ಹೆಂಗಸು ಚೀಲ ಬಿಚ್ಚಿ ಮಡಿಲಲ್ಲಿ ಬಟಾಣಿ ಸುಲಿಯಲು ಶುರು ಮಾಡಿದಾಗ. ಡೊಂಬಿವಲಿಯಿಂದ ವಾಶಿಗೆ ಹೋಗುವ ಈ ಬಸ್ಸಿನಲ್ಲಿ ಬಟಾಣಿ ಹೊರಗೆ ಬಂತೆಂದರೆ ಡ್ರೈವರ್ ಇಂಜಿನ್ ಆರಿಸಿ ಕೆಳಗಿಳಿದಿದ್ದಾನೆ ಎಂದೇ ಅರ್ಥ. ಭಿವಂಡಿಯ ಬಟ್ಟೆ ಲಾರಿಯೊಂದು ರಸ್ತೆಗೆ ಅಡ್ಡವಾಗಿ ನಿಂತು, ಅದರ ಹಿಂದೆ ಮುಂದೆಲ್ಲ ಹಾರ್ನುಗಳು ಅರಚುತ್ತಿದ್ದವು. ವೇದಾವತಿ ಮಾತ್ರ ಅಷ್ಟು ಹೊತ್ತೂ ವಾಶಿಯ ಆಫೀಸಿನ ಮೀಟಿಂಗ್ ಕೋಣೆಯಲ್ಲೇ ಇದ್ದಳು. ಅಲ್ಲಿ ಅವಳು ಎದ್ದು ನಿಂತು, "ನನ್ನ ಸ್ಕೀಮ್ ಬೇಡ ಸರ್, ಅನಿಲಕುಮಾರರದ್ದೇ ಇರಲಿ" ಎನ್ನುತ್ತಿದ್ದಳು. ಮೊದಲ ಸಲ ಹೇಳಿದಾಗ ಮುಖದಲ್ಲೊಂದು ನಗೆಯಿತ್ತು. ಮದುವೆಯ ಊಟದ ಪಂಕ್ತಿಯಿಂದ ಎದ್ದು ಬೇರೆಯವರಿಗೆ ಜಾಗ ಬಿಟ್ಟುಕೊಡುವ ದೊಡ್ಡ ಅತ್ತಿಗೆಯ ನಗೆ ಅದು ಅನ್ನಿಸಿ ಅವಳಿಗೇ ಹೇಸಿಗೆಯಾಯಿತು. ಎರಡನೆಯ ಸಲ ನಗೆ ತೆಗೆದು ಹೇಳಿ ನೋಡಿದಳು; ಯಾರೋ ಸತ್ತ ಸುದ್ದಿ ಮುಟ್ಟಿಸಿದ ಹಾಗೆ ಕೇಳಿಸಿತು. ಮೂರನೆಯ ಸಲ ಬಾಯಿ ತೆರೆಯುವಷ್ಟರಲ್ಲಿ ಬಟಾಣಿಯ ಹೆಂಗಸು ಅವಳನ್ನೇ ನೋಡುತ್ತಿದ್ದಳು. ತುಟಿ ಅಲ್ಲಾಡುತ್ತಿತ್ತೋ ಏನೋ. ವೇದಾವತಿ ಕೆಮ್ಮಿದಂತೆ ಮಾಡಿ ಕಿಟಕಿಯ ಕಡೆ ತಿರುಗಿದಳು.

ಅವಳ ಕೆಲಸ ಕಡಲಿನದ್ದು ಎಂದರೆ ಡೊಂಬಿವಲಿಯ ಬಿಲ್ಡಿಂಗಿನಲ್ಲಿ ಯಾರೂ ನಂಬುತ್ತಿರಲಿಲ್ಲ, ಏಕೆಂದರೆ ಅವಳ ಚಪ್ಪಲಿಗೆ ಎಂದೂ ಮರಳು ಹತ್ತಿದ್ದಿಲ್ಲ. ಕಡಲಿದ್ದದ್ದು ಕಂಪ್ಯೂಟರಿನೊಳಗೆ. ಅತ್ತೆ ಸುಂದರಿಗೆ ಅದನ್ನು ವಿವರಿಸುವ ಸಾಹಸವನ್ನು ಅವಳು ಒಮ್ಮೆ ಮಾಡಿದ್ದಳು. ಇಡೀ ಅರಬ್ಬಿ ಸಮುದ್ರವನ್ನು ಡಬ್ಬಿ ಡಬ್ಬಿಯಾಗಿ ಕತ್ತರಿಸುತ್ತೇವೆ, ಒಂದೊಂದು ಡಬ್ಬಿ ಇಲ್ಲಿಂದ ಪುಣೆಯಷ್ಟು ಅಗಲ. ಆದರೆ ನೀರು ಕದಡುವುದು ಗೇಣಗಲದ ಸುಳಿಗಳಲ್ಲಿ, ಅವು ಈ ಡಬ್ಬಿಗಳಿಗೆ ಕಾಣುವುದೇ ಇಲ್ಲ. ಅದಕ್ಕೇ ಗಾಳಿ ಬೀಸಿದರೆ ಮೇಲಿನ ಬಿಸಿ ನೀರು ಕೆಳಗಿನ ತಣ್ಣೀರಿನ ಜೊತೆ ಎಲ್ಲಿಯವರೆಗೆ ಬೆರೆಯಬೇಕು ಎಂದು ನಾವೇ ಒಂದು ನಿಯಮ ಮಾಡಿ ಕೊಡಬೇಕು. ಆ ನಿಯಮಕ್ಕೆ ಸ್ಕೀಮ್ ಅನ್ನುತ್ತಾರೆ. ಸುಂದರಿ ಎಲ್ಲವನ್ನೂ ಕೇಳಿ, "ನೀವು ಹೇಳದಿದ್ರೆ ಅದು ಬೆರೆಯುದಿಲ್ವಾ?" ಎಂದಿದ್ದರು. ಕಂಪ್ಯೂಟರಿನಲ್ಲಿ ಬೆರೆಯುವುದಿಲ್ಲ ಎಂದಳು ವೇದಾವತಿ. "ಪಾಪ" ಎಂದು ಸುಂದರಿ ತೆಂಗಿನಕಾಯಿ ತುರಿಯಲು ಹೋದರು. ಆ ಪಾಪ ಕಡಲಿಗೋ ಸೊಸೆಗೋ ಎಂಬುದು ಇವತ್ತಿಗೂ ತೀರ್ಮಾನವಾಗಿಲ್ಲ.

ಈಗ ಅವರ ಗುಂಪಿನ ಎದುರು ಅಂಥ ಸ್ಕೀಮುಗಳು ಮೂರಿದ್ದವು. ಒಂದು ಕಾನ್‌ಸ್ಟಂಟ್: ಎಲ್ಲ ಕಡಲಿಗೂ ಎಲ್ಲ ಕಾಲಕ್ಕೂ ಒಂದೇ ಅಳತೆಯ ಕದಡು, ಜೂನ್ ತಿಂಗಳ ಬಿರುಗಾಳಿಗೂ ಏಪ್ರಿಲಿನ ಸತ್ತ ಮಧ್ಯಾಹ್ನಕ್ಕೂ. ಗುಂಪಿನ ಮುಖ್ಯಸ್ಥರಾದ ಡಾ. ಪೆಂಡಸೆ ತಮ್ಮ ಯೌವನದಲ್ಲಿ, ಪಂಚ್ ಕಾರ್ಡುಗಳ ಕಾಲದಲ್ಲಿ, ಡಾಕ್ಟರೇಟ್ ಪಡೆದದ್ದು ಇದರಿಂದಲೇ. ಎರಡನೆಯದು ಎನರ್ಜಿ ಸ್ಕೀಮ್: ಸುಳಿಗಳ ಶಕ್ತಿ ಎಲ್ಲಿ ಹುಟ್ಟಿ ಎಲ್ಲಿ ಸಾಯುತ್ತದೆ ಎಂದು ಜಾಡು ಹಿಡಿದು ಹೋಗುವ ಸಮೀಕರಣಗಳು. ಅದು ಅನಿಲಕುಮಾರನದ್ದು. ಮೂರನೆಯದು ಪ್ರೊಫೈಲ್ ಸ್ಕೀಮ್, ಎರಡು ಮೂರು ವರ್ಷದ ಹಿಂದಷ್ಟೇ ಪರದೇಶದ ಪತ್ರಿಕೆಯಲ್ಲಿ ಬಂದದ್ದು: ಮೊದಲು ಕದಡು ಎಷ್ಟು ಆಳಕ್ಕೆ ಮುಟ್ಟುತ್ತದೆ ಎಂದು ಹುಡುಕಿ, ಆಮೇಲೆ ಅಷ್ಟೂ ನೀರಿಗೆ ಕದಡಿನ ಆಕಾರ ಕೊಡುವುದು. ಅದನ್ನು ಸಾಲು ಸಾಲಾಗಿ ಬರೆದು ಇಲ್ಲಿನ ಮಾಡೆಲಿಗೆ ಕೂರಿಸಿದವಳು ವೇದಾವತಿ. ಇವತ್ತು ಒಂದನ್ನು ಆರಿಸಬೇಕು. ಪುಣೆಯ ದೊಡ್ಡ ಯಂತ್ರದಲ್ಲಿ ಅವರಿಗೆ ಸರದಿ ಸಿಕ್ಕಿತ್ತು, ಒಮ್ಮೆ ಹಾಕಿದ ಸ್ಕೀಮನ್ನು ಇನ್ನು ವರ್ಷವಿಡೀ ತೆಗೆಯುವಂತಿರಲಿಲ್ಲ.

ತೊಂದರೆ ಎಂದರೆ ಅವಳಿಗೆ ಅನಿಲಕುಮಾರನನ್ನು ಕಂಡರಾಗುತ್ತಿರಲಿಲ್ಲ, ಅದಕ್ಕೆ ಸರಿಯಾದ ಕಾರಣವೂ ಇರಲಿಲ್ಲ. ಅವನು ಕಲ್ಯಾಣದ ಕೋಳಸೇವಾಡಿಯಲ್ಲಿ ಬೆಳೆದವನು. ಅವನಪ್ಪ ಕಲಬುರಗಿಯಿಂದ ಬಂದು ಭಿವಂಡಿಯ ಗೋದಾಮಿನಲ್ಲಿ ಲೋಡಿಂಗ್ ಮಾಡುತ್ತಿದ್ದವರು. ಹುಡುಗ ಐಐಟಿಯವರೆಗೆ ಹೋಗಿಬಂದಿದ್ದ, ಆದರೂ ಇಲ್ಲಿ ಕಾಂಟ್ರ್ಯಾಕ್ಟಿನ ಮೇಲಿದ್ದ. ಅದು ಮಾರ್ಚಿಗೆ ಮುಗಿಯುವುದಿತ್ತು. ಹೋದ ವಾರ ಕ್ಯಾಂಟೀನಿನಲ್ಲಿ ಅವಳು ಅಕೌಂಟ್ಸಿನ ಹೆಂಗಸರಿಗೆ ತನ್ನ ಗ್ರಾಫ್ ತೋರಿಸಿ, ಮಳೆಗಾಲದಲ್ಲಿ ಬೆರೆತ ನೀರು ಹೇಗೆ ಆಳಕ್ಕೆ ಇಳಿಯುತ್ತದೆ ನೋಡಿ ಎನ್ನುತ್ತಿದ್ದಾಗ, ಅವನು ಹಿಂದಿನಿಂದ ಬಗ್ಗಿ ನೋಡಿ, "ಮೇಡಂ, ನಿಮ್ಮ ಸಮುದ್ರ ದಾದರ್ ಬ್ರಿಜ್ಜಿನ ಮೆಟ್ಟಲಾ ಇಳ್ದಂಗ ಇಳೀಲಾಕತ್ತದಲ್ರಿ" ಎಂದುಬಿಟ್ಟಿದ್ದ. ಎಲ್ಲರೂ ನಕ್ಕರು. ಕನ್ನಡ ಬಾರದವರೂ ನಕ್ಕರು. ನಿಜ ಏನೆಂದರೆ ಗೆರೆ ಮೆಟ್ಟಿಲು ಮೆಟ್ಟಿಲಾಗಿಯೇ ಇತ್ತು. ಒಂದು ಪದರದಿಂದ ಇನ್ನೊಂದಕ್ಕೆ ಧೊಪ್ಪೆಂದು ಬೀಳುತ್ತಿತ್ತು. ಅವನದ್ದು ನಯವಾಗಿ ಇಳಿಯುತ್ತಿತ್ತು, ಆದರೆ ಹಡಗಿನವರು ಅಳೆದು ಚುಕ್ಕಿ ಹಾಕಿದ ಆಳಕ್ಕೆ ಮುಟ್ಟದೆ ಮೇಲೆಯೇ ಉಳಿಯುತ್ತಿತ್ತು. ಇದನ್ನು ಅವಳು ಅಲ್ಲೇ ಹೇಳಬಹುದಿತ್ತು. ಹೇಳುವ ಬದಲು ತಾನೂ ನಕ್ಕಿದ್ದಳು, ಎಲ್ಲರಿಗಿಂತ ಜೋರಾಗಿ. ಆ ನಗು ಒಂದು ವಾರದಿಂದ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿತ್ತು.

ಹಾಗಾಗಿ ಯಾವುದನ್ನು ಆರಿಸಿದರೂ ತನ್ನ ಮೇಲೆ ತನಗೇ ಅನುಮಾನ. ತನ್ನದನ್ನು ಆರಿಸಿದರೆ ಅದು ಮೆಟ್ಟಿಲಿನ ಸೇಡು. ಅವನದ್ದನ್ನು ಆರಿಸಿದರೆ ದೊಡ್ಡ ಮನಸ್ಸಿನ ಪ್ರದರ್ಶನ. ಅದರೊಳಗೆ ಮಾರ್ಚಿನ ಕಾಂಟ್ರ್ಯಾಕ್ಟಿನ ಮೇಲಿನ ಮರುಕವೂ ಸೇರಿದರೆ ಇನ್ನೂ ಕೊಳಕು. ಕಡಲಿಗೆ ಯಾವುದು ಸರಿ ಎಂಬ ಪ್ರಶ್ನೆ ಈ ನೂಕುನುಗ್ಗಲಿನಲ್ಲಿ ಬಾಗಿಲಿಗೆ ಜೋತು ಬಿದ್ದಿತ್ತು. ಬಿಟ್ಟುಕೊಡುವುದು ಅವಳಿಗೆ ಸುಲಭ, ಅದೇ ಮುಖ್ಯ ಸಂಗತಿ. ಮದುವೆಯ ಸೀರೆ ಕೊಳ್ಳಲು ದಾದರಿಗೆ ಹೋದಾಗ, "ನಿನಗೆ ಯಾವುದು ಬೇಕು?" ಎಂದು ಎಲ್ಲರೂ ಕೇಳಿದ್ದರು. "ನಿಮಗೆ ಯಾವುದು ಸರಿ ಕಾಣ್ತದೋ ಅದು" ಎಂದಿದ್ದಳು, ಕಣ್ಣು ಮಾತ್ರ ನೇರಳೆಯ ಮೇಲಿತ್ತು. ಸಾಸಿವೆ ಬಣ್ಣದ್ದು ಬಂತು. ಗಂಡ ವಾಸು ನೌಪಾಡಾದ ಹೋಟೆಲಿನಲ್ಲಿ ಮ್ಯಾನೇಜರ್, ಅಲ್ಲಿಗೆ ಹೋದಾಗಲೆಲ್ಲ "ಎಂತ ತಿಂತಿ?" ಎಂದು ಕೇಳುತ್ತಾನೆ, ಅವಳು "ಏನಾದ್ರೂ" ಎನ್ನುತ್ತಾಳೆ, ವಾಸು ಒಳಗೆ ಕೂಗಿ ಯಾರೂ ಕೇಳದೆ ಉಳಿದ ಉಪ್ಪಿಟ್ಟು ತರಿಸುತ್ತಾನೆ. ಅದರಲ್ಲಿ ಅವನ ತಪ್ಪೇನಿದೆ? ಇವತ್ತು ಬೆಳಿಗ್ಗೆ ಮಗಳು ಮಾಲಾ, ಜಡೆಗೆ ಯಾವ ರಿಬ್ಬನ್ ಎಂದು ಇವಳು ಕೇಳಿದ್ದಕ್ಕೆ, "ಲಾಲ್. ಆಣಿ ಲವಕರ್" ಎಂದಿದ್ದಳು, ತಲೆಯನ್ನೂ ಎತ್ತದೆ. ಕೆಂಪು, ಅದೂ ಬೇಗ. ಈ ಮಗು ಎಲ್ಲಿಂದ ಕಲಿಯಿತು ಎಂದು ವೇದಾವತಿ ಬಾಚಣಿಗೆ ಹಿಡಿದುಕೊಂಡೇ ಬೆರಗಾಗಿದ್ದಳು. ಅಷ್ಟರಲ್ಲಿ ಲಾರಿ ಸರಿಯಿತು, ಬಸ್ಸು ಜಗ್ಗಿತು, ಬಟಾಣಿ ಮತ್ತೆ ಚೀಲ ಸೇರಿತು.

ಮೀಟಿಂಗಿನಲ್ಲಿ ನಾಲ್ಕೇ ಜನ. ಮೇಜಿನ ತಲೆಗೆ ಪೆಂಡಸೆ, ಒಂದು ಬದಿಗೆ ಅನಿಲಕುಮಾರ, ಇನ್ನೊಂದು ಬದಿಗೆ ವೇದಾವತಿ, ಬಾಗಿಲ ಹತ್ತಿರ ಯಂತ್ರದ ಕೆಲಸ ನೋಡಿಕೊಳ್ಳುವ ಚೈತನ್ಯಾ. ಚೈತನ್ಯಾಳ ಅಪ್ಪ ಅಮ್ಮ ಮಂಗಳೂರಿನವರು, ಅವಳು ಹುಟ್ಟಿದ್ದು ಠಾಣೆಯಲ್ಲಿ. ಕನ್ನಡದಲ್ಲಿ ಬೈದರೆ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತಿತ್ತು. "ಮುಝೇ ಬಸ್ ಏಕ್ ನಾಮ್ ದೇ ದೋ" ಎಂದು ಅವಳೇ ಶುರು ಮಾಡಿದಳು, ಒಂದು ಹೆಸರು ಸಿಕ್ಕರೆ ಅವಳ ಕೆಲಸ ಮುಗಿಯಿತು. ಪೆಂಡಸೆ ವೇದಾವತಿಯ ಕಡೆ ನೋಡಿದರು. ಬಸ್ಸಿನಲ್ಲಿ ಅಷ್ಟು ಸಲ ಹೇಳಿದ ಮಾತು ಈಗ ನಗೆಯೂ ಇಲ್ಲದೆ ಸೂತಕವೂ ಇಲ್ಲದೆ, ಇಂಗ್ಲಿಷಿನಲ್ಲಿ, ಸ್ವಲ್ಪ ಕೀರಲಾಗಿ ಹೊರಗೆ ಬಂತು: ಎನರ್ಜಿ ಸ್ಕೀಮೇ ಒಳ್ಳೆಯದು ಸರ್. ಹೇಳಿ ಅವಳು ಅನಿಲಕುಮಾರನ ಮುಖ ನೋಡಿದಳು. ಅಲ್ಲಿ ಕೃತಜ್ಞತೆ ಇಲ್ಲದಿದ್ದರೂ ಕೊನೆಗೆ ನಾಚಿಕೆಯಾದರೂ ಇರಬೇಕು ಎಂದು ಅವಳ ನಿರೀಕ್ಷೆ. ಅಲ್ಲಿ ಇದ್ದದ್ದು ಗಾಬರಿ.

"ಇಲ್ಲ ಸರ್, ಪ್ರೊಫೈಲ್ ಈಸ್ ಬೆಟರ್" ಎಂದವನೇ ಅವನು ಅವಳ ಕಡೆ ತಿರುಗಿ ಕನ್ನಡಕ್ಕಿಳಿದ. "ಯಾಕ್ರಿ ಮೇಡಂ, ಹಿಂಗ್ಯಾಕ ಮಾಡ್ಲಾಕತ್ತೀರಿ? ನನ್ನ ಮ್ಯಾಲ ಕರುಣಾ ಬಂತೇನ್ರಿ? ಮಾರ್ಚಿಗಿ ಕಾಂಟ್ರ್ಯಾಕ್ಟ್ ಮುಗೀತದಂತ?"

"ಕರುಣೆ ಎಂತದ್ದು ಮಾರಾಯ್ರೆ? ನಿಮ್ಮದು ಒಳ್ಳೆದುಂಟು, ಹೇಳಿದೆ, ಅಷ್ಟೆ."

"ನನ್ದು ಚಲೋ ಇಲ್ರಿ. ನಿಮ್ದು ಚಲೋ ಅದ. ನಾ ನೋಡೀನಿ."

"ನೀವು ಎಂತ ನೋಡಿದ್ದು? ಅವತ್ತು ಎಲ್ಲರೆದುರು ಮೆಟ್ಟಲು ಅಂತ ಹೇಳಿದ್ದು ಯಾರು ಹಾಗಾದ್ರೆ?"

"ನಾನೇ ಹೇಳೀನಿ. ಈಗ ಅಲ್ಲಂತ ನಾನೇ ಹೇಳ್ಲಾಕತ್ತೀನಿ. ಕೇಳ್ರಿ ಸ್ವಲ್ಪ!"

"ನಂಗೆ ಕೇಳುದು ಬೇಡ! ನಿಮ್ಮದೇ ಇರಲಿ!"

"ನಂದು ಬ್ಯಾಡಂದ್ರ ಬ್ಯಾಡ!"

ಪೆಂಡಸೆಯವರಿಗೆ ಕನ್ನಡ ಒಂದಕ್ಷರ ಬರುತ್ತಿರಲಿಲ್ಲ. ಇಬ್ಬರು ಮೇಜಿನ ಮೇಲೆ ಕೈ ಬಡಿದು 'ನಂದು', 'ನಿಮ್ದು' ಎಂದು ಕೂಗಾಡುವುದು ಅವರಿಗೆ ಕಂಡಿತು. ಮೂವತ್ತು ವರ್ಷ ಸರ್ಕಾರಿ ವಿಜ್ಞಾನದಲ್ಲಿ ಕಳೆದವರಿಗೆ ಅದರ ಅರ್ಥ ಒಂದೇ. ಚೈತನ್ಯಾ ಕೈ ಎತ್ತಿ, "ಸರ್, ಯೇ ಲೋಗ್ ಉಲ್ಟಾ ಝಗಡಾ ಕರ್ ರಹೇ ಹೈಂ" ಎಂದಳು, ಇವರದ್ದು ತಿರುಗುಮುರುಗು ಜಗಳ ಎಂದು. ಪೆಂಡಸೆ ಕೈ ಇಳಿಸುವಂತೆ ಅವಳಿಗೆ ಸನ್ನೆ ಮಾಡಿದರು. ತಮ್ಮ ತಮ್ಮ ಕೂಸಿಗೆ ಹೀಗೆ ಜೋತುಬಿದ್ದರೆ ಗುಂಪು ಉಳಿಯುವುದಿಲ್ಲ, ಇಬ್ಬರದ್ದೂ ಬೇಡ, ಕಾನ್‌ಸ್ಟಂಟೇ ಇರಲಿ, ಅದರ ಬಗ್ಗೆ ಯಾರಿಗೂ ಜಗಳವಿಲ್ಲ ಎಂದು ಮರಾಠಿಯಲ್ಲಿ ಹೇಳಿ ಎದ್ದು ಹೋದರು. ಹೋಗುವಾಗ ಮುಖದಲ್ಲಿ ಹಳೆಯ ಗೆಳೆಯ ಮನೆಗೆ ಬಂದ ಸಂತೋಷವನ್ನು ಅಡಗಿಸುತ್ತಿದ್ದರು. ಚೈತನ್ಯಾ ಇಬ್ಬರನ್ನೂ ಒಬ್ಬೊಬ್ಬರಾಗಿ ನೋಡಿ, "ವಾಹ್" ಎಂದಳು.

ಕೆಳಗಿನ ಚಹಾದ ಗಾಡಿಯ ಹತ್ತಿರ ಅವರು ಒಟ್ಟಿಗೆ ಬಂದದ್ದಲ್ಲ. ಒಬ್ಬರ ಮುಖ ಒಬ್ಬರು ನೋಡಬಾರದೆಂದು ಬೇರೆ ಬೇರೆ ಮೆಟ್ಟಿಲಿಳಿದು ಒಂದೇ ಕಡೆ ಬಂದು ಸೇರಿದ್ದರು. ಅನಿಲಕುಮಾರ ಎರಡು ಕಟಿಂಗ್ ಚಹಾ ಹೇಳಿದ. ಜನವರಿಯ ಬಿಸಿಲು ಹಿತವಾಗಿತ್ತು. ಹಾಗೆ ಹಿತವಾಗಿರುವುದು ಈ ಹೊತ್ತಿನಲ್ಲಿ ಅಸಭ್ಯ ಎಂದು ವೇದಾವತಿಗೆ ತೋರಿತು.

"ಒಂದ್ ಮಾತ ಹೇಳ್ತೀನ್ರಿ, ಸಿಟ್ಟಿಗೇಳಬ್ಯಾಡ್ರಿ" ಎಂದ ಅವನು ಗ್ಲಾಸಿನೊಳಗೆ ನೋಡುತ್ತ. "ನಿಮ್ಮ ಕೋಡ್ ನಾ ಓಡಿಸಿ ನೋಡೀನಿ. ನಿಮ್ಮನ್ನ ಕೇಳಿಲ್ಲ."

ಅವಳು ತನ್ನ ಗ್ಲಾಸನ್ನು ಗಾಡಿಯ ಅಂಚಿನ ಮೇಲಿಟ್ಟಳು.

"ಮೀಟಿಂಗಿನ್ಯಾಗ ಇನ್ನೂ ದೊಡ್ಡದಾಗಿ ನಗಿಸಬೇಕಂತ ಮಾಡಿದ್ದೆ. ಪದರ ತೆಳ್ಳಗ ಮಾಡಿದ್ರ ಮೆಟ್ಟಲಾ ಇನ್ನೂ ಜಾಸ್ತಿ ಆಗ್ತಾವ, ಮಜಾ ಬರ್ತದಂತ. ಮ್ಯಾಲಿನ ನೀರಿನ ಒಂದೊಂದ್ ಪದರಾನೂ ಎರಡೆರಡು ಮಾಡಿ ಸೀಳಿದೆ. ಮೆಟ್ಟಲೇ ಹೋದ್ವು, ಮೇಡಂ. ನಿಮ್ಮ ಗೆರಿ ಹಡಗಿನವರು ಅಳದ ಚುಕ್ಕಿ ಮ್ಯಾಲ ಹಾಸಿ ಬಿಟ್ಟಂಗ ಹೋತು. ತಪ್ಪು ನಿಮ್ಮ ಸ್ಕೀಮಿಂದಲ್ಲ, ಪದರ ದಪ್ಪ ಇತ್ತು. ನಂದೂ ಹಂಗೇ ಓಡಿಸಿದೆ. ಎಷ್ಟು ತೆಳ್ಳಗ ಮಾಡಿದ್ರೂ ಅದು ಮ್ಯಾಲೇ ಕುಂತದ. ನನ್ನ ಸಮುದ್ರಕ್ಕ ಗಾಳಿನೇ ಹತ್ತಂಗಿಲ್ಲ."

ವೇದಾವತಿಯೊಳಗೆ ಮೂರು ಭಾವನೆಗಳು ಒಂದೇ ಬಾಗಿಲಲ್ಲಿ ನುಗ್ಗಿದವು. ಕೇಳದೆ ತನ್ನ ಕೋಡ್ ಮುಟ್ಟಿದ ಎಂಬ ಸಿಟ್ಟು. ಚುಕ್ಕಿಗಳ ಮೇಲೆ ಹಾಸಿದ ಹಾಗೆ ಹೋಯಿತು ಎಂಬ, ಗಾಡಿಯವನನ್ನೂ ಅಪ್ಪಿಕೊಳ್ಳುವಂಥ ಖುಷಿ. ಪದರ ತೆಳ್ಳಗೆ ಮಾಡಿ ನೋಡುವುದು ತನಗೇ ಯಾಕೆ ಹೊಳೆಯಲಿಲ್ಲ ಎಂಬ ಅವಮಾನ. ಒಂದು ವಾರ ಅವಳು ಮೆಟ್ಟಿಲುಗಳ ಬಗ್ಗೆ ನೊಂದುಕೊಳ್ಳುತ್ತ ಕೂತಿದ್ದಳೇ ಹೊರತು ಮೆಟ್ಟಿಲುಗಳ ಬಗ್ಗೆ ಯೋಚಿಸಿರಲಿಲ್ಲ. ಅವಳನ್ನು ನಗೆಪಾಟಲು ಮಾಡಲು ಹೊರಟವನು ಯೋಚಿಸಿದ್ದ. ಹೀಗೆ ನೋಡಿದರೆ ಅವನ ದುರುದ್ದೇಶ ತನ್ನ ಔದಾರ್ಯಕ್ಕಿಂತ ಹೆಚ್ಚು ಶ್ರದ್ಧೆಯಿಂದ ಕೆಲಸ ಮಾಡಿತ್ತು. ಈ ಲೆಕ್ಕ ಅವಳಿಗೆ ನಗು ತರಿಸಿತು. ಈ ಸಲ ಯಾರಿಗಾಗಿಯೂ ನಗಬೇಕಾಗಿರಲಿಲ್ಲ.

"ಇದನ್ನು ಅಲ್ಲಿ ಹೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ?"

"ನೀವು ಹೇಳ್ಲಾಕ ಬಿಟ್ರೇನು?"

ಅದೂ ನಿಜ. ಆದರೆ ತೆಳು ಪದರ ಎಂದರೆ ಹೆಚ್ಚು ಡಬ್ಬಿ, ಹೆಚ್ಚು ಡಬ್ಬಿ ಎಂದರೆ ಯಂತ್ರದ ಹೆಚ್ಚು ಹೊತ್ತು. ಸಿಕ್ಕ ಸರದಿಯಲ್ಲಿ ಮುಗಿಯಬೇಕಾದರೆ ಪೆಂಡಸೆ ದಿಲ್ಲಿಯ ಇಲಾಖೆಗೆ ಮಾತು ಕೊಟ್ಟಷ್ಟು ವರ್ಷಗಳ ಕಡಲನ್ನು ಓಡಿಸಲಾಗುವುದಿಲ್ಲ, ಅರ್ಧಕ್ಕೆ ಇಳಿಸಬೇಕು. ಯಾರಾದರೂ ಹೋಗಿ ಅವರಿಗೆ ಹೇಳಬೇಕು. ವೇದಾವತಿ ಅನಿಲಕುಮಾರನ ಕಡೆ ನೋಡಿದಳು. ಅವನು ತಲೆಯಲ್ಲಾಡಿಸಿದ. "ನಾ ಹೋದ್ರ ಕಾಂಟ್ರ್ಯಾಕ್ಟಿನಾವ, ಕೂಡಿಸಿ ಮಾತಾಡಂಗಿಲ್ಲ. ಮತ್ತ ಸ್ಕೀಮ್ ನಂದಲ್ಲಲ್ರಿ. ನಿಮ್ದು."

ಪೆಂಡಸೆ ತಮ್ಮ ಕೋಣೆಯಲ್ಲಿ ಡಬ್ಬಿ ಬಿಚ್ಚಿ ಚಪಾತಿಯಂಥ ಪೋಳಿ ಮತ್ತು ಮೆಂತೆ ಪಲ್ಯ ತಿನ್ನುತ್ತಿದ್ದರು. ಊಟದ ಹೊತ್ತಿಗೆ ಹೋದದ್ದೇ ತಪ್ಪು, ನಾಳೆ ಬರಬಹುದಿತ್ತು ಎಂದು ಅವಳ ಕಾಲು ಹಿಂದೆ ಸರಿಯುತ್ತಿರುವಾಗಲೇ ಬಾಯಿ, "ಸರ್, ಕಾನ್‌ಸ್ಟಂಟ್ ಬೇಡ" ಎಂದಿತು. ಕನ್ನಡದಲ್ಲಿ. ಪೆಂಡಸೆ "ಕಾಯ್?" ಎಂದರು. ಅವಳು ಅದನ್ನೇ ಮರಾಠಿಯಲ್ಲಿ ಹೇಳಿದಳು, ಎರಡನೆಯ ಸಲ ಹೇಳುವಾಗ ಇನ್ನಷ್ಟು ಒರಟಾಗಿ ಬಂತು. ಅವರು ತುತ್ತು ಕೆಳಗಿಟ್ಟರು. ಅವರಿಗೆ ಸಿಟ್ಟು ಬಂದಿರಲಿಲ್ಲ, ಕುತೂಹಲವಾಗಿತ್ತು. ಹನ್ನೊಂದು ವರ್ಷದಲ್ಲಿ ಈ ಹೆಂಗಸಿನ ಬಾಯಿಂದ ಬೇಡ ಎಂಬ ಶಬ್ದ ಕೇಳಿದ ನೆನಪು ಅವರಿಗಿರಲಿಲ್ಲ.

"ಮಗ್ ತುಲಾ ಕಾಯ್ ಹವಂಯ್?" ನಿನಗೇನು ಬೇಕು ಹಾಗಾದರೆ?

"ಗುಂಪಿನ ದೃಷ್ಟಿಯಿಂದ ಸರ್..."

"ಗುಂಪಲ್ಲ. ನಿನಗೆ."

ಗೋಡೆಯ ಮೇಲೆ ಹಿಂದೂ ಮಹಾಸಾಗರದ ನಕ್ಷೆಯಿತ್ತು. ಅವಳು ಅದನ್ನು ನೋಡಿದಳು, ಪಲ್ಯ ನೋಡಿದಳು, ತನ್ನ ಚಪ್ಪಲಿಯನ್ನೂ ನೋಡಿದಳು. ಇಂಥ ಪ್ರಶ್ನೆಗೆ ಕೊಡುವ ಸಿದ್ಧ ಉತ್ತರಗಳೆಲ್ಲ ಸಾಲಾಗಿ ಬಂದು ನಿಂತವು: ನೀವು ಹೇಳಿದ ಹಾಗೆ, ಯಾವುದಾದರೂ ಆದೀತು, ಎಲ್ಲರಿಗೂ ಸರಿಯಾದದ್ದು. "ಮಾಝೀ" ಎಂದಳು. ನನ್ನದು. ಮರಾಠಿಯಲ್ಲಾದ್ದರಿಂದ ನಾಚಿಕೆ ಅರ್ಧಕ್ಕರ್ಧ ಕಡಿಮೆಯಾಯಿತು. ಬೇರೆ ಯಾರದೋ ಮನೆಯ ಪಾತ್ರೆ ಕೆಳಗೆ ಹಾಕಿದಷ್ಟೇ ಸದ್ದು. ಆಮೇಲೆ ಮಾತು ತಾನಾಗಿ ಬಂತು. ಮೆಟ್ಟಿಲು ಯಾಕೆ ಬಂತು, ಯಾಕೆ ಹೋಯಿತು, ಜೂನ್ ತಿಂಗಳ ಗಾಳಿಗೆ ಕಾನ್‌ಸ್ಟಂಟ್ ಯಾಕೆ ಕಿವುಡು, ಎಲ್ಲವನ್ನೂ ಮೇಜಿನ ಮೇಲೆ ಬೆರಳಿನಲ್ಲಿ ಗೆರೆ ಎಳೆದು ಹೇಳಿದಳು. ಒಂದು ಗೆರೆ ಅವರ ಪೋಳಿಯ ತನಕ ಹೋಯಿತು. ಪೆಂಡಸೆ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿಕೊಟ್ಟರು.

"ಪದರ ತೆಳ್ಳಗೆ ಮಾಡುವ ಬುದ್ಧಿ ಯಾರದ್ದು?"

'ನಾವು' ಎಂಬ ಪದ ನಾಲಿಗೆಯ ತುದಿಗೆ ಬಂದು, ತುಂಬ ಸಭ್ಯವಾಗಿ, ಸುಳ್ಳೂ ಅಲ್ಲದ ಹಾಗೆ ನಿಂತಿತು. ಅವಳು ಅದನ್ನು ನುಂಗಿದಳು. "ಅನಿಲಕುಮಾರರದ್ದು."

"ಅವನು ನಿನ್ನ ಸ್ಕೀಮಿನ ಶತ್ರು ಅಂದುಕೊಂಡಿದ್ದೆನಲ್ಲ?"

"ಅವರೂ ಹಾಗೇ ಅಂದುಕೊಂಡಿದ್ರು ಸರ್."

ಬೆಳಿಗ್ಗೆ ಇಬ್ಬರೂ ಯಾವುದಕ್ಕಾಗಿ ಕೂಗಾಡಿದರು ಎಂದು ಅವಳು ಹೇಳಿದಾಗ ಪೆಂಡಸೆಯವರಿಗೆ ನಗು ಬಂದು ಮೆಂತೆ ನೆತ್ತಿಗೆ ಹತ್ತಿತು. ನೀರು ಕುಡಿದು, ಕಣ್ಣೊರೆಸಿಕೊಂಡು, ಅವರು ಒಮ್ಮೆಲೇ ಮುದುಕರಾದಂತೆ ಕಂಡರು. ದಿಲ್ಲಿಯವರಿಗೆ ಏನು ಹೇಳಲಿ, ಒಪ್ಪಿದ ವರ್ಷಗಳಲ್ಲಿ ಅರ್ಧವನ್ನು ಕಡಲಿಗೆ ಎಸೆದೆವು ಎನ್ನಲೇ? "ಇದ್ದ ವರ್ಷಗಳಾದರೂ ಕಡಲಿನ ಹಾಗೆ ಇರುತ್ತವಲ್ಲ ಸರ್" ಎಂದಳು ವೇದಾವತಿ. ಹೇಳಿದ ಕೂಡಲೇ ಅದು ಶಾಲೆಯ ವಾರ್ಷಿಕೋತ್ಸವದ ಭಾಷಣದ ಹಾಗಾಯಿತೆಂದು ಕಿವಿ ಬಿಸಿಯಾಯಿತು. ಪೆಂಡಸೆ ಕೇಳಿಸದವರಂತೆ ಡಬ್ಬಿ ಮುಚ್ಚಿದರು. ಅನಿಲಕುಮಾರ ಕಡಲಿನ ಒಂದೇ ಬಿಂದುವಿನಲ್ಲಿ ಮಾಡಿದ ಪರೀಕ್ಷೆಯನ್ನು ನಂಬಿ ತಾನು ದಿಲ್ಲಿಗೆ ಫೋನ್ ಮಾಡುವುದಿಲ್ಲ, ಕಡಲಿನ ಉತ್ತರ ಭಾಗದಲ್ಲಿ, ಚಳಿಗಾಲಕ್ಕೆ ನೀರು ತಣ್ಣಗಾಗಿ ತಾನಾಗಿ ಮುಳುಗುವ ಕಡೆ ಇನ್ನೊಂದು ಬಿಂದು ಹಿಡಿದು ಇವತ್ತೇ ಓಡಿಸಿ ತೋರಿಸಬೇಕು ಎಂದರು. ಅವಳು ಬಾಗಿಲು ದಾಟುವಾಗ, "ಆ ಹುಡುಗನಿಗೆ ಮಾರ್ಚ್ ಆದ ಮೇಲೂ ಬರಲು ಹೇಳು. ನಾನು ಬರೆದು ಕಳಿಸುತ್ತೇನೆ. ಈ ತೆಳು ಪದರಗಳ ಕಿರಿಕಿರಿ ಮತ್ತೆ ಯಾರು ನೋಡಿಕೊಳ್ಳುತ್ತಾರೆ?" ಎಂದು ಬೈಯುವ ದನಿಯಲ್ಲಿ ಕೂಗಿದರು.

ಸಂಜೆಗೆ ಮುಂಚೆ ಪರೀಕ್ಷೆ ಓಡತೊಡಗಿತು. ಪರದೆಯ ಮುಂದೆ ಚೈತನ್ಯಾ ಕೂತಿದ್ದಳು, ಹಿಂದೆ ಅನಿಲಕುಮಾರ ನಿಂತಿದ್ದ. ಅವನಿಗೆ ಮಾರ್ಚಿನ ಸುದ್ದಿ ಮುಟ್ಟಿತ್ತು. ಅದಕ್ಕೆ ಅವನು ಧನ್ಯವಾದ ಹೇಳದೆ, ಬಾಣಸಿಗರ ಮೇಲೆ ಕಣ್ಣಿಟ್ಟ ಮಾವನ ಹಾಗೆ ಅವಳ ಕೋಡಿನ ಪ್ರತಿ ಸಾಲನ್ನೂ ಇನ್ನೊಮ್ಮೆ ನೋಡಿದ್ದ. ಪೆಂಡಸೆ ಪಕ್ಕದ ಮೇಜಿನ ಫೋನಿನ ಹತ್ತಿರ ಕುರ್ಚಿ ಎಳೆದುಕೊಂಡಿದ್ದರು. ಪರದೆಯ ಮೇಲೆ ಡಿಸೆಂಬರ್ ಬಂತು, ಗೆರೆ ಇಳಿಯಿತು, ನಯವಾಗಿ, ಚುಕ್ಕಿಗಳ ಜೊತೆಜೊತೆಗೆ. ಅನಿಲಕುಮಾರ "ಶಾಭಾಸ್" ಎಂದ. ಜನವರಿ ಬಂತು. ಚುಕ್ಕಿಗಳು ನಿಂತವು. ಗೆರೆ ನಿಲ್ಲಲಿಲ್ಲ, ಅವುಗಳನ್ನು ದಾಟಿ ಇನ್ನೂ ಕೆಳಗೆ ಹೊರಟಿತು.

"ರೋಕ್ ದೂಂ?" ಚೈತನ್ಯಾ ನಿಲ್ಲಿಸಲೇ ಎಂದು ಕೇಳಿದಳು, ಬೆರಳು ಕೀಲಿಯ ಮೇಲಿತ್ತು. ಎಲ್ಲರೂ ವೇದಾವತಿಯ ಕಡೆ ನೋಡಿದರು.

"ಬೇಡ. ಎಲ್ಲಿವರೆಗೆ ಹೋಗ್ತದೆ ನೋಡುವ."

ತಾನು ಹೆದರಬೇಕಿತ್ತು ಎಂದು ಅವಳಿಗೆ ಗೊತ್ತಿತ್ತು. ಆದರೆ ಆ ಗೆರೆ ಯಾರ ಅನುಮತಿಯನ್ನೂ ಕೇಳದೆ, ತಣ್ಣಗಾದ ನೀರನ್ನೆಲ್ಲ ಹೊತ್ತು, ಕತ್ತಲೆಯ ಕಡೆ ಇಳಿಯುವುದನ್ನು ನೋಡುತ್ತ ಅವಳಿಗೆ ಒಂದು ಬಗೆಯ ಹೆಮ್ಮೆಯೇ ಆಗತೊಡಗಿತು. ಫೆಬ್ರವರಿಯಲ್ಲಿ ಅದು ತನ್ನ ಕಡೆಯ ಆಳ ಮುಟ್ಟಿ ಸ್ವಲ್ಪ ಹೊತ್ತು ಯೋಚಿಸಿದಂತೆ ನಿಂತಿತು. ಮಾರ್ಚಿನ ಬಿಸಿಲಿಗೆ ತಿರುಗಿ, ಮೇಲಕ್ಕೆ ಬಂದು, ಏಪ್ರಿಲಿನ ಚುಕ್ಕಿಗಳನ್ನು ಒಂದೊಂದಾಗಿ ಮುಟ್ಟಿತು.

ಪೆಂಡಸೆ ಕನ್ನಡಕ ಸರಿಮಾಡಿಕೊಂಡರು. "ಚಳಿಗಾಲದಲ್ಲಿ ಜಾಸ್ತಿ ಇಳಿದಿದೆ."

"ಹೌದು ಸರ್" ಎಂದಳು ವೇದಾವತಿ. "ಜಾಸ್ತಿ ಇಳಿದಿದೆ."

ಅವರು ಕಾದರು. ಇಂಥ ಹೊತ್ತಿನಲ್ಲಿ ಅವಳಿಂದ ಒಂದು ಕ್ಷಮೆ ಬರುತ್ತಿತ್ತು, ಅದರ ಹಿಂದೆ ಮೂರು ಕಾರಣಗಳು. ಏನೂ ಬರಲಿಲ್ಲ. ಅವಳು ಚೈತನ್ಯಾಳ ಪಕ್ಕಕ್ಕೆ ಕುರ್ಚಿ ಎಳೆದು ಕೂತು, ಜನವರಿಯ ಸಾಲುಗಳನ್ನು ತೆರೆಯಲು ಹೇಳಿದಳು. ಅನಿಲಕುಮಾರ ಬಗ್ಗಿ, "ಅಲ್ಲಲ್ರೀ ಮೇಡಂ, ಡಿಸೆಂಬರ್‌ದಿಂದ ನೋಡೋಣು" ಎಂದ. "ನನ್ನ ಸ್ಕೀಮ್, ನಾನು ಹೇಳಿದಲ್ಲಿಂದ" ಎಂದಳು ಅವಳು, ಕನ್ನಡದಲ್ಲಿ, ಯಾವ ನಾಚಿಕೆಯೂ ಇಲ್ಲದೆ. ಹಿಂದೆ ಪೆಂಡಸೆ ದಿಲ್ಲಿಯ ನಂಬರ್ ತಿರುಗಿಸುತ್ತಿರುವ ಸದ್ದು ಕೇಳಿಸಿತು.